ಗೆಳೆಯರಿಗೆ ಲೊಕೇಶನ್ ಸದಾ ಆನ್ ಇಟ್ಟರೆ ಅಪಾಯವೇ?

ಟ್ರಿಪ್‌ಗೆ ಹೋದಾಗ ಗೆಳೆಯರಿಗೆ ಕೊಟ್ಟ ಲೊಕೇಶನ್ ಇನ್ನೂ ಆನ್ ಇದೆ, ಹಾಗೇ ಬಿಡಬಹುದೇ ಎಂದು ಕೇಳಿದ್ದೀರಿ. ಬೇಡ, ಇವತ್ತೇ ನಿಲ್ಲಿಸಿ. ಈ ಕ್ಷಣ ಎಲ್ಲಿದ್ದೀರಿ ಎಂದು ತಿಳಿದರೆ ದೊಡ್ಡ ತೊಂದರೆ ಇಲ್ಲ. ಆದರೆ ತಿಂಗಳುಗಟ್ಟಲೆ ನೋಡುವವರಿಗೆ ನೀವು ಯಾವ ಆಸ್ಪತ್ರೆಗೆ ಹೋಗುತ್ತೀರಿ, ಮನೆ ಯಾವ ಹೊತ್ತಿನಲ್ಲಿ ಖಾಲಿ ಇರುತ್ತದೆ, ಎಲ್ಲವೂ ಗೊತ್ತಾಗಿಬಿಡುತ್ತದೆ. ಗೆಳೆಯ ಒಳ್ಳೆಯವನೇ ಇರಬಹುದು, ಅವನ ಫೋನ್ ಯಾರ ಕೈಗೆ ಸಿಗುತ್ತದೋ ಯಾರಿಗೆ ಗೊತ್ತು?

ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ 'ಲೊಕೇಶನ್ ಶೇರಿಂಗ್' ತೆರೆಯಿರಿ. ಯಾರಿಗೆಲ್ಲ ಕೊಟ್ಟಿದ್ದೀರಿ ಎಂಬುದು ಅಲ್ಲಿದೆ. ಹೆಸರು ಒತ್ತಿ 'ಸ್ಟಾಪ್' ಮಾಡಿ. ಶೇರ್ ಮಾಡುವಾಗ ಅವಧಿಯ ಜಾಗದಲ್ಲಿ 'ನಾನು ಆಫ್ ಮಾಡುವವರೆಗೆ' ಎಂಬ ಆಯ್ಕೆಯೂ ಇರುತ್ತದೆ. ಅದನ್ನು ಒತ್ತಿ ಮರೆತುಬಿಡುವುದೇ ಹೆಚ್ಚು. ಇನ್ನೊಂದು ವಿಷಯ: ಮ್ಯಾಪ್ಸ್ ಜಾಗದ ಜೊತೆಗೆ ನಿಮ್ಮ ಫೋನಿನ ಬ್ಯಾಟರಿ ಎಷ್ಟಿದೆ, ಚಾರ್ಜ್‌ಗೆ ಹಾಕಿದ್ದೀರಾ ಎಂಬುದನ್ನೂ ತೋರಿಸುತ್ತದೆ. ಲಿಂಕ್ ಕಳಿಸಿದ್ದರೆ, ಆ ಲಿಂಕ್ ಯಾರ ಬಳಿ ಹೋದರೂ ಅವರಿಗೆ ಕಾಣುತ್ತದೆ.

ವಾಟ್ಸಾಪ್ ಈ ಕೆಲಸಕ್ಕೆ ವಾಸಿ. ಲೈವ್ ಲೊಕೇಶನ್‌ಗೆ 15 ನಿಮಿಷ, 1 ಗಂಟೆ, 8 ಗಂಟೆ ಇಷ್ಟೇ ಅವಧಿ, ಆಮೇಲೆ ತಾನಾಗಿ ನಿಲ್ಲುತ್ತದೆ. ಸೆಟ್ಟಿಂಗ್ಸ್, ಪ್ರೈವಸಿ, ಲೈವ್ ಲೊಕೇಶನ್‌ಗೆ ಹೋದರೆ ಯಾವ ಚಾಟ್‌ಗಳಲ್ಲಿ ಇನ್ನೂ ನಡೆಯುತ್ತಿದೆ ಎಂದು ಕಾಣುತ್ತದೆ. ಆದರೆ ಅವಧಿ ಮುಗಿದ ಮೇಲೂ, ನೀವು ಶೇರ್ ಶುರುಮಾಡಿದ ಜಾಗದ ಚಿಕ್ಕ ಚಿತ್ರ ಚಾಟ್‌ನಲ್ಲಿ ಉಳಿಯುತ್ತದೆ. ಗ್ರೂಪಿಗೆ ಕಳಿಸುವುದಿದ್ದರೆ ಮನೆಯಿಂದ ಶುರುಮಾಡಬೇಡಿ, ಬಸ್ ಹತ್ತಿದ ಮೇಲೆ ಮಾಡಿ. ಗ್ರೂಪಿನಲ್ಲಿ ಪರಿಚಯವಿಲ್ಲದವರಿದ್ದರೆ ಒಬ್ಬಿಬ್ಬರಿಗೆ ಬೇರೆಯಾಗಿ ಕಳಿಸುವುದೇ ಕ್ಷೇಮ.

ಸ್ನ್ಯಾಪ್‌ಚಾಟ್ ಇದ್ದರೆ ಅದರ ಮ್ಯಾಪ್‌ನಲ್ಲಿ 'ಘೋಸ್ಟ್ ಮೋಡ್' ಆನ್ ಮಾಡಿ, ಆಗ ನಿಮ್ಮ ಜಾಗ ಗೆಳೆಯರಿಗೆ ಕಾಣುವುದಿಲ್ಲ.

ಹವಾಮಾನ, ಶಾಪಿಂಗ್ ಆ್ಯಪ್‌ಗಳಿಗೆ ನಿಖರ ಜಾಗ ಬೇಕಿಲ್ಲ. ಆಂಡ್ರಾಯ್ಡ್ 12ರಿಂದ ಮುಂದಿನ ಫೋನ್‌ಗಳಲ್ಲಿ ಆ್ಯಪ್‌ನ ಲೊಕೇಶನ್ ಪರ್ಮಿಷನ್ ತೆರೆದು 'ಪ್ರಿಸೈಸ್ ಲೊಕೇಶನ್' ಆಫ್ ಮಾಡಿದರೆ, ಸುಮಾರು 3 ಚದರ ಕಿಲೋಮೀಟರ್ ಪ್ರದೇಶ ಮಾತ್ರ ಅದಕ್ಕೆ ಸಿಗುತ್ತದೆ. ಆದರೆ ಕ್ಯಾಬ್ ಆ್ಯಪ್‌ನಲ್ಲಿ ಆಫ್ ಮಾಡಿದರೆ ಗಾಡಿ ಪಕ್ಕದ ಬೀದಿಗೆ ಹೋಗಿ ನಿಲ್ಲಬಹುದು.

ಇಷ್ಟೆಲ್ಲ ನಿಲ್ಲಿಸಿದರೂ ನೀವು ಎಲ್ಲಿದ್ದೀರಿ ಎಂದು ಯಾರಿಗೋ ತಿಳಿಯುತ್ತಿದ್ದರೆ, ನಿಮ್ಮ ಗೂಗಲ್ ಅಕೌಂಟ್ ಅವರ ಫೋನಿನಲ್ಲೋ ಲ್ಯಾಪ್‌ಟಾಪ್‌ನಲ್ಲೋ ಲಾಗಿನ್ ಆಗಿರಬಹುದು. ಅಕೌಂಟಿನ ಸೆಕ್ಯುರಿಟಿ ಪುಟದಲ್ಲಿ 'ಯುವರ್ ಡಿವೈಸಸ್' ನೋಡಿ, ಗುರುತಿಲ್ಲದ್ದನ್ನು ಸೈನ್ ಔಟ್ ಮಾಡಿ, ಪಾಸ್‌ವರ್ಡ್ ಬದಲಿಸಿ. ಆ ವ್ಯಕ್ತಿ ಹೆದರಿಸುವವರಾಗಿದ್ದರೆ, ಆಫ್ ಮಾಡುವ ಮುಂಚೆ ಮನೆಯವರಲ್ಲಿ ಒಬ್ಬರಿಗಾದರೂ ವಿಷಯ ತಿಳಿಸಿಡಿ, ಏಕೆಂದರೆ ಲೊಕೇಶನ್ ನಿಂತದ್ದು ಹೆದರಿಸುವವರ ಗಮನಕ್ಕೆ ಬಂದೇ ಬರುತ್ತದೆ.