ಸಕ್ಕರೆ–ಉಪ್ಪಿನ ಪುಟ ಹಾರಿಸಬೇಡಿ

ಪ್ರಶ್ನೆ: ಪಿಯುಸಿ ಮುಗಿಸಿ ಮಗ್ಗಕ್ಕೆ ಕೂತವನು ನಾನು. ಅವ್ವನಿಗೆ ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚುವುದು ನಾನೇ. ಇಂಥ ಔಷಧಿ ಕಂಡುಹಿಡಿದವರ ಬಗ್ಗೆ ಓದಬೇಕೆಂದು ಲೈಬ್ರರಿಯಿಂದ ಪುಸ್ತಕ ತರುತ್ತೇನೆ. ಅವರ ಬಡತನ, ಜಗಳ, ಗೆಲುವು ಸರಸರ ಓದಿಸಿಕೊಂಡು ಹೋಗುತ್ತವೆ. ವಿಜ್ಞಾನ ಬಂತೆಂದರೆ ತಲೆ ಗಿರ್ ಅನ್ನುತ್ತದೆ. ಆ ಪುಟ ಹಾರಿಸಿ ಓದಿದರೆ ನಡೆಯುತ್ತದೆಯೇ?
— ಒಬ್ಬ ಓದುಗ, ರಬಕವಿ

ಉತ್ತರ: ಹಾರಿಸಬೇಡಿ, ತಮ್ಮಾ.

ನಾನು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಮೂವತ್ತು ವರ್ಷ ನರ್ಸಬಾಯಿಯಾಗಿದ್ದೆ. ಮಳೆಗಾಲದಲ್ಲಿ ವಾಂತಿಭೇದಿ ಶುರುವಾದರೆ ನೀರಿಗೆ ಕಲಸಿ ಕುಡಿಸುವ ಸಕ್ಕರೆ–ಉಪ್ಪಿನ ಪುಡಿಯ, ಅಂದರೆ ಓಆರ್‌ಎಸ್ ಪಾಕೀಟು ಹಿಡಿದು ಮನೆಮನೆ ತಿರುಗುವುದು. ಅಳತೆಗೆ ಲೀಟರ್ ಎಲ್ಲಿಂದ ತರಬೇಕು? ಆ ಮನೆಯ ಚರಗಿಗೆ ನೀರು ತುಂಬಿ, ನನ್ನ ಚೀಲದಲ್ಲಿದ್ದ ಬಾಟಲಿಗೆ ಸುರಿದು ನೋಡಿ, ಎಲ್ಲಿವರೆಗೆ ತುಂಬಬೇಕೆಂದು ಸುಣ್ಣದಲ್ಲಿ ಗೆರೆ ಎಳೆದು ಬರುತ್ತಿದ್ದೆ. ತಾಯಂದಿರಿಗೆ ಸಮಾಧಾನವಿಲ್ಲ. “ಬಾಯಾರ, ಸಲೈನ್ ಹಚ್ರಿ. ಬರೇ ನೀರ ಕುಡಿಸಿ ಕಳಸ್ತೀರೇನು?” ಕೆಲವರು ಕೂಸಿನ ಮೇಲಿನ ಅಕ್ಕರೆಗೆ ಒಂದು ಹಿಡಿ ಸಕ್ಕರೆ ಹೆಚ್ಚಿಗೆ ಸುರಿಯುತ್ತಿದ್ದರು, ಭೇದಿ ಇನ್ನೂ ಜೋರಾಗುತ್ತಿತ್ತು. ಹಾಕಬೇಡಿ ಎಂದು ಗದರಿಸುತ್ತಿದ್ದೆ. ಯಾಕೆ ಹಾಕಬಾರದು ಎಂಬುದು ಮಾತ್ರ ನನಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ನಿವೃತ್ತಿಯ ನಂತರ, ಡಾ. ದಿಲೀಪ್ ಮಹಾಲನಬೀಸ್ ಅವರ ಬಗ್ಗೆ ಓದುವಾಗ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಗಡಿ ದಾಟಿ ಬಂದಾಗ ಪಶ್ಚಿಮ ಬಂಗಾಳದ ಬನ್‌ಗಾಂವ್‌ನಲ್ಲಿ ಕಾಲರಾ ಹಬ್ಬಿತು. ಆಸ್ಪತ್ರೆಯ ನೆಲದ ತುಂಬ ರೋಗಿಗಳು. ಅವರ ಮಲ, ವಾಂತಿಯ ನಡುವೆಯೇ ಮೊಣಕಾಲೂರಿ ಸಲೈನ್ ಹಚ್ಚಬೇಕು. ಆ ಸಲೈನೂ ಮುಗಿಯುತ್ತ ಬಂತು. ಆಗ ಮಹಾಲನಬೀಸರು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಕಲಸಿ ಡ್ರಮ್ಮುಗಳಲ್ಲಿ ಇಡಿಸಿದರು. ಕುಡಿಸುವವರು ರೋಗಿಯ ಮನೆಯವರೇ. ಇದು ಬಾಯಿಂದ ಕುಡಿಯುವ ಸಲೈನ್ ಎಂದು ಜನರಿಗೆ ತಿಳಿಸಿ ಹೇಳಿದರು. ಅದನ್ನು ಓದಿದಾಗ ನನ್ನ ಹಳ್ಳಿಯ ತಾಯಂದಿರೇ ಕಣ್ಣ ಮುಂದೆ ಬಂದರು. ಶೇ 30ರಷ್ಟಿದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು.

ಇಷ್ಟೇ ಓದಿದ್ದರೆ ದೊಡ್ಡ ಮನಸ್ಸಿನ ಡಾಕ್ಟರು ಎಂದು ಕೈಮುಗಿದು ಪುಸ್ತಕ ಮುಚ್ಚಿಡುತ್ತಿದ್ದೆ. ಅಲ್ಲೊಂದು ಒಣ ಪುಟವಿತ್ತು, ಅದನ್ನು ಮೂರು ಸಲ ಓದಿದೆ. ಕಾಲರಾ ಹಿಡಿದ ಕರುಳು ಬರೀ ಉಪ್ಪುನೀರನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಆದರೆ ಗ್ಲೂಕೋಸ್ ಒಳಗೆ ಹೋಗುವ ಬಾಗಿಲು ಆಗಲೂ ತೆರೆದಿರುತ್ತದೆ. ಅದು ಉಪ್ಪಿನ ಕೈ ಹಿಡಿದುಕೊಂಡೇ ಒಳಗೆ ಹೋಗುತ್ತದೆ, ನೀರು ಅವುಗಳ ಬೆನ್ನು ಹತ್ತುತ್ತದೆ. ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಈ ಜೋಡಿಯ ವಿಚಾರ ಹೇಳಿದ್ದು 1960ರಲ್ಲಿ. 1968ರಲ್ಲಿ ಢಾಕಾದಲ್ಲಿ ನಲಿನ್ ಮತ್ತು ಕ್ಯಾಶ್ ಎಂಬ ಡಾಕ್ಟರುಗಳು ಅದನ್ನು ಕಾಲರಾ ರೋಗಿಗಳ ಮೇಲೆ ಪರೀಕ್ಷಿಸಿ ತೋರಿಸಿದ್ದರು. ಸಕ್ಕರೆ ಅತಿಯಾದರೆ ಒಳಗೆ ಹೋಗದೆ ಉಳಿದದ್ದು ನೀರನ್ನೇ ಕರುಳಿಗೆ ಎಳೆದುಕೊಳ್ಳುತ್ತದೆ. ನನ್ನ ಮೂವತ್ತು ವರ್ಷದ ಗದರಿಕೆಗೆ ಕಾರಣ ಆ ಪುಟದಲ್ಲಿ ಕೂತಿತ್ತು! ಮಹಾಲನಬೀಸರ ಧೈರ್ಯ ಎಂಥದ್ದೆಂದು ತಿಳಿದದ್ದೂ ಆಗಲೇ. ಡಾಕ್ಟರ ಕಣ್ಗಾವಲಿನಲ್ಲಿ ಮಾತ್ರ ಕೊಡಬಹುದೆಂದಿದ್ದ ಚಿಕಿತ್ಸೆಯನ್ನು ಅವರು ತಾಯಂದಿರ ಕೈಗೆ ಕೊಟ್ಟರು, ಕರುಳಿನ ಆ ಬಾಗಿಲನ್ನು ನಂಬಿ.

ಕಠಿಣ ಪುಟ ಬಂದರೆ ಪೆನ್ಸಿಲ್ ಹಿಡಿದು, ನಿಮ್ಮ ಅವ್ವನಿಗೆ ಹೇಳುವ ಮಾತಿನಲ್ಲಿ ಎರಡು ಸಾಲು ಬರೆಯಿರಿ. ಬರೆಯಲು ಬರದಿದ್ದರೆ ಮತ್ತೆ ಓದಿ. ನಾಲ್ಕು ದಿನ ಹಿಡಿಯಲಿ, ಅವಸರವೇನಿದೆ?

ಇನ್ಸುಲಿನ್‌ನಿಂದಲೇ ಶುರುಮಾಡಿ. 1922ರ ಜನವರಿ 11ರಂದು ಟೊರಾಂಟೊದಲ್ಲಿ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಬ್ಯಾಂಟಿಂಗ್ ಮತ್ತು ಬೆಸ್ಟ್ ತಯಾರಿಸಿದ ಔಷಧಿ ಕೊಟ್ಟರು. ಗುಣ ಅಷ್ಟಕ್ಕಷ್ಟೇ, ಚುಚ್ಚಿದಲ್ಲಿ ಬಾವು ಬಂತು. ಜನವರಿ 23ರಂದು ಮತ್ತೆ ಕೊಟ್ಟಾಗ ರಕ್ತದ ಸಕ್ಕರೆ ಇಳಿಯಿತು, ಹುಡುಗ ಚೇತರಿಸಿಕೊಂಡ. ನಡುವಿನ ದಿನಗಳಲ್ಲಿ ಔಷಧಿಯ ಕಲ್ಮಶ ತೆಗೆದವರು ಜೇಮ್ಸ್ ಕಾಲಿಪ್. ಹೇಗೆ ತೆಗೆದರು ಎಂಬ ಆ ಪುಟ ಓದಿ ನನಗೆ ಪತ್ರ ಬರೆಯಿರಿ. ಅವ್ವನಿಗೆ ನನ್ನ ನಮಸ್ಕಾರ ಹೇಳಿ.