ಕುವೈತಿಗೆ ಬರುವ ತಂಗಿಗೆ

ತಂಗೀ,

ನಿನ್ನ ಮೆಸೇಜ್ ನೈಟ್ ಡ್ಯೂಟಿ ಮುಗಿಸಿ ಬಂದ ಮೇಲೆ ಓದಿದೆ. ಕೇಳಿದ್ದು ಮೂರ್ನಾಲ್ಕು ಪ್ರಶ್ನೆ. ಕತ್ತಿನ ಶಿಲುಬೆ ತೆಗೆದಿಟ್ಟು ಬರಬೇಕಾ, ಬೈಬಲ್ ತರಬಹುದಾ, ಚರ್ಚಿನ ಪೂಜೆಗೆ ಹೋಗಲು ಬಿಡ್ತಾರಾ. ಕೊನೆಗೆ ಒಂದು ಮಾತು ಸೇರಿಸಿದ್ದೀ: ‘ಊರಿನಲ್ಲೇ ಮನೆ ಪ್ರಾರ್ಥನೆಗೆ ಹತ್ತು ಜನ ಸೇರಿದರೆ ಪ್ರಶ್ನೆ ಮಾಡುವವರಿದ್ದಾರೆ. ಅರಬರ ದೇಶದಲ್ಲಿ ವಿಶ್ವಾಸ ಉಳಿಸಿಕೊಳ್ಳುವುದು ಹೇಗೆ ಅಕ್ಕಾ? ನಾನು ಬೇಳದ ಕ್ಯಾಥೊಲಿಕ್, ನೀವು ಸಿಎಸ್‌ಐ ಪ್ರೊಟೆಸ್ಟೆಂಟ್. ಕೇಳಬಹುದೋ ಇಲ್ಲವೋ ಗೊತ್ತಿಲ್ಲ.’

ಧಾರಾಳವಾಗಿ ಕೇಳು. ನಾನೂ ಕಾಸರಗೋಡಿನವಳೇ, ನರ್ಸೇ. ಇಲ್ಲಿಗೆ ಬಂದು ತಲೆ ಅರ್ಧ ಬೆಳ್ಳಗಾಗಿದೆ.

ಸುಲಭದ್ದು ಮೊದಲು. ನಿನ್ನ ಸ್ವಂತಕ್ಕೆ ಒಂದು ಬೈಬಲ್, ಒಂದು ಜಪಮಾಲೆ ತಂದರೆ ಯಾರೂ ಏನೂ ಹೇಳುವುದಿಲ್ಲ. ಆದರೆ ಪರಿಚಯದವರು ಯಾರಾದರೂ ‘ಅಲ್ಲಿ ನಮ್ಮವರಿಗೆ ಹಂಚು’ ಅಂತ ಪುಸ್ತಕದ ಕಟ್ಟು ಕೈಗೆ ಕೊಟ್ಟರೆ ತರಬೇಡ. ಮುಸ್ಲಿಮರ ನಡುವೆ ಬೇರೆ ಧರ್ಮದ ಪ್ರಚಾರಕ್ಕೆ ಇಲ್ಲಿ ಅವಕಾಶವಿಲ್ಲ. ಕಟ್ಟುಗಟ್ಟಲೆ ಪುಸ್ತಕ ಕಂಡರೆ ಏರ್‌ಪೋರ್ಟಿನಲ್ಲೇ ಪ್ರಶ್ನೆ ಶುರುವಾಗುತ್ತದೆ. ಫೋನಿನಲ್ಲಿ ಬರುವ ಫಾರ್ವರ್ಡ್‌ಗಳ ಬಗ್ಗೆಯೂ ಹುಷಾರು. ಇನ್ನೊಬ್ಬರ ಧರ್ಮವನ್ನು ಹೀಯಾಳಿಸುವ ಒಂದು ವಿಡಿಯೊ ಕಳಿಸಿದರೂ ಕೇಸ್ ಆಗಬಹುದು. ಕಾನೂನಿನ ಮಾತು ಹಾಗಿರಲಿ, ಹೀಯಾಳಿಸುವುದು ನಮಗೆ ಯಾಕೆ ಬೇಕು?

ಶಿಲುಬೆಯ ಸರ ಹಾಕಿಕೊಂಡೇ ಬಾ. ವಾರ್ಡಿನಲ್ಲಿ ತೆಗೆ ಅಂದರೆ ಗಾಬರಿ ಬೇಡ. ಬಳೆ, ಉಂಗುರ, ಕರಿಮಣಿ ಎಲ್ಲವನ್ನೂ ತೆಗೆಸುತ್ತಾರೆ, ಅದು ಇನ್ಫೆಕ್ಷನ್ ಕಂಟ್ರೋಲ್. ರಂಜಾನಿನಲ್ಲಿ ಹಗಲು ಹೊರಗಡೆ ತಿಂದರೆ, ಕುಡಿದರೆ, 1968ರ ಕಾನೂನಿನಂತೆ 100 ದಿನಾರ್‌ವರೆಗೆ ದಂಡವೋ ಒಂದು ತಿಂಗಳವರೆಗೆ ಜೈಲೋ ಆಗಬಹುದು. ಪ್ಯಾಂಟ್ರಿಯಲ್ಲಿ ಬಾಗಿಲು ಹಾಕಿಕೊಂಡು ಉಣ್ಣು, ಅಷ್ಟೇ. ನನ್ನ ವಾರ್ಡಿನಲ್ಲಿ ಉಪ್ಪಳದ ಒಬ್ಬಳಿದ್ದಾಳೆ. ತಾನು ನೋಂಬು ಹಿಡಿದಿದ್ದರೂ ನನ್ನನ್ನು ಊಟಕ್ಕೆ ಅಟ್ಟಿ, ನನ್ನ ಪೇಷಂಟ್‌ಗಳನ್ನು ತಾನೇ ನೋಡಿಕೊಳ್ಳುತ್ತಾಳೆ. ಕ್ರಿಸ್ಮಸ್‌ಗೆ ನಾನು ಮಾಡುವ ಕುಸ್ವಾರ್ ತಿಂಡಿಗಳಲ್ಲಿ ಅರ್ಧ ಅವಳ ಮಕ್ಕಳಿಗೇ ಹೋಗುತ್ತದೆ. ಇವನ್ನೆಲ್ಲ ವಿರೋಧದ ಪಟ್ಟಿಗೆ ಸೇರಿಸಬೇಡ. ನಮ್ಮಲ್ಲಿ ಕೆಲವರಿಗೆ ಬಸ್ ತಪ್ಪಿದರೂ ಅದು ‘ವಿಶ್ವಾಸದ ಪರೀಕ್ಷೆ’. ಕೇಳಿ ಕೇಳಿ ಸಾಕಾಗಿದೆ.

ಇನ್ನು ಚರ್ಚ್. ಸೌದಿಯಲ್ಲಿ ಬಹಿರಂಗವಾಗಿ ಒಂದೂ ಇಲ್ಲ. ಕತಾರಿನಲ್ಲಿ ಕ್ಯಾಥೊಲಿಕರ ಚರ್ಚ್ ತೆರೆದದ್ದು 2008ರಲ್ಲಿ. ಕುವೈತಿನ ಕಥೆ ಹಳೆಯದು. ಎಣ್ಣೆ ಸಿಗುವ ಮೊದಲೇ ಅಮೆರಿಕನ್ ಮಿಷನ್ನಿನ ಡಾಕ್ಟರುಗಳು ಇಲ್ಲಿ ಆಸ್ಪತ್ರೆ ನಡೆಸುತ್ತಿದ್ದರು. ಅವರು 1931ರಲ್ಲಿ ಕಟ್ಟಿದ ಚರ್ಚೇ ಈಗಿನ ನ್ಯಾಷನಲ್ ಇವಾಂಜೆಲಿಕಲ್ ಚರ್ಚ್. 1999ರಲ್ಲಿ ಅಲ್ಲಿ ಪಾಸ್ಟರ್ ಆಗಿ ದೀಕ್ಷೆ ಪಡೆದ ಇಮ್ಯಾನುಯಲ್ ಗರೀಬ್ ಕುವೈತಿ ಪ್ರಜೆಯೇ. ಅರಬರಲ್ಲೂ ಕ್ರೈಸ್ತರಿದ್ದಾರಾ ಅಂತ ನಿನ್ನ ಅಮ್ಮ ಕೇಳಿದರೆ ಇದನ್ನು ಹೇಳು. ನಿಮ್ಮವರಿಗೆ ಸಿಟಿಯಲ್ಲಿ ಹೋಲಿ ಫ್ಯಾಮಿಲಿ ಕೆಥೆಡ್ರಲ್ ಉಂಟು, ಸಾಲ್ಮಿಯಾದಲ್ಲಿ, ಅಹ್ಮದಿಯಲ್ಲಿ, ಅಬ್ಬಾಸಿಯಾದಲ್ಲಿ ಚರ್ಚ್‌ಗಳಿವೆ. ಕೊಂಕಣಿ ಪೂಜೆಯೂ ಸಿಗುತ್ತದೆ. ಇಲ್ಲಿ ರಜೆ ಶುಕ್ರವಾರ, ಶನಿವಾರ. ಭಾನುವಾರ ಬೆಳಿಗ್ಗೆ ನೀನು ಡ್ಯೂಟಿಯಲ್ಲಿರುತ್ತೀ. ಹಾಗಾಗಿ ಇಲ್ಲಿ ಕ್ರೈಸ್ತರ ದೊಡ್ಡ ದಿನ ಶುಕ್ರವಾರ. ಮೊದಲು ಸ್ವಲ್ಪ ವಿಚಿತ್ರ ಅನ್ನಿಸುತ್ತದೆ, ಆಮೇಲೆ ರೂಢಿಯಾಗುತ್ತದೆ.

ಶುಕ್ರವಾರ ಒಮ್ಮೆ ನಮ್ಮ ಚರ್ಚ್ ಕಾಂಪೌಂಡಿಗೆ ಬಂದು ನೋಡು. ಗೇಟಿನಲ್ಲಿ ಬ್ಯಾಗ್ ಚೆಕ್ ಮಾಡಿ ಒಳಗೆ ಬಿಡುತ್ತಾರೆ. ಸರಕಾರದ ಮಾನ್ಯತೆ ಇರುವುದು ಕೆಲವೇ ಸಭೆಗಳಿಗೆ, ಉಳಿದವರು ಅವರ ಜಾಗದಲ್ಲೇ ಹೊತ್ತು ಹಂಚಿಕೊಂಡು ಕೂಡುತ್ತಾರೆ. ಒಂದು ಕೋಣೆಯಲ್ಲಿ ಅರಬಿ, ಪಕ್ಕದಲ್ಲಿ ತಮಿಳು, ಮೇಲೆ ಫಿಲಿಪಿನೊಗಳು. ಒಂದು ಆರಾಧನೆ ಮುಗಿದು ಇನ್ನೊಂದು ಶುರುವಾಗುವ ನಡುವಿನ ಹದಿನೈದು ನಿಮಿಷ ಇದೆಯಲ್ಲ, ಅದನ್ನು ನೋಡಬೇಕು ನೀನು. ಮಲಯಾಳಿ ಅಮ್ಮಂದಿರು ಸೆರಗು ಸರಿಮಾಡಿಕೊಳ್ಳುತ್ತಾ ಹೊರಗೆ ಬರುತ್ತಿರುತ್ತಾರೆ. ತೆಲುಗು ಹುಡುಗರು ಕೀಬೋರ್ಡ್ ಹೊತ್ತುಕೊಂಡು ಒಳಗೆ ನುಗ್ಗುತ್ತಿರುತ್ತಾರೆ. ಯಾರದೋ ಮಗು ಯಾರದೋ ಚಪ್ಪಲಿ ಹಾಕಿಕೊಂಡು ಓಡಿರುತ್ತದೆ. ಮೈಕಿನ ಬ್ಯಾಟರಿ ಯಾರು ಮುಗಿಸಿದ್ದು ಅಂತ ಒಂದು ಸಣ್ಣ ವಾದ ನಡೆದೇ ನಡೆಯುತ್ತದೆ.

ಆ ವಾದಗಳು ಯಾವಾಗಲೂ ಸಣ್ಣದಾಗಿರುವುದಿಲ್ಲ. ಎರಡು ಗುಂಪು ಒಂದೇ ಸಂಜೆಗೆ ಕ್ರಿಸ್ಮಸ್ ಕ್ಯಾರಲ್ ಹಾಡು ಇಟ್ಟುಕೊಂಡು, ಹಾಲ್ ನಮಗೇ ಅಂತ ಹಟ ಹಿಡಿದು, ಮುಂದಿನ ಈಸ್ಟರ್‌ವರೆಗೂ ಮಾತು ಬಿಟ್ಟಿದ್ದವು. ಎರಡೂ ಕಡೆ ಒಳ್ಳೆಯ ಜನ, ಉದ್ದುದ್ದ ಪ್ರಾರ್ಥನೆ ಮಾಡುವವರು. ಮಾತು ಮತ್ತೆ ಶುರುವಾಗಿದ್ದು ಹೇಗೆ ಗೊತ್ತಾ? ಅವುಗಳಲ್ಲಿ ಒಂದು ಗುಂಪು ವಾರದ ನಡುವೆ ಒಂದು ಫ್ಲಾಟಿನಲ್ಲಿ ಕೂಡುತ್ತಿತ್ತು. ಹಾಡಿನ ಸದ್ದು, ಮೆಟ್ಟಿಲ ಮೇಲೆ ಚಪ್ಪಲಿ ರಾಶಿ, ಕೆಳಗೆ ಪಾರ್ಕಿಂಗ್ ಜಗಳ. ಅಕ್ಕಪಕ್ಕದವರು ದೂರು ಕೊಟ್ಟರು. ಮನೆ ಮಾಲೀಕ ಒಂದೇ ಮಾತು ಹೇಳಿದ: ಇಲ್ಲಿ ಕೂಡಬೇಡಿ, ಇಲ್ಲವಾದರೆ ಖಾಲಿ ಮಾಡಿ. ಆ ಮನೆಯವರ ಇಕಾಮಾಕ್ಕೇ, ಅಂದರೆ ಇಲ್ಲಿ ವಾಸಿಸುವ ಪರವಾನಗಿಗೇ, ತೊಂದರೆ ಆಗುತ್ತದೆಂದು ಎಲ್ಲರೂ ಹೆದರಿದರು. ಕೆಲವರು ಬರುವುದನ್ನೇ ಬಿಟ್ಟರು. ಆಗ ಮಾತು ಬಿಟ್ಟ ಇನ್ನೊಂದು ಗುಂಪಿನ ಹಿರಿಯರು ಫೋನ್ ಮಾಡಿ, ‘ಬುಧವಾರ ನಮಗೆ ಎರಡು ಗಂಟೆ ಉಂಟಲ್ಲ, ಒಂದು ನೀವು ಇಟ್ಟುಕೊಳ್ಳಿ’ ಅಂದರು. ಕ್ಷಮೆ ಕೇಳುವುದು, ಕಣ್ಣೀರು ಹಾಕುವುದು ಒಂದೂ ಆಗಲಿಲ್ಲ. ಹಾಲಿನ ಕೀಲಿಯ ಇನ್ನೊಂದು ಕಾಪಿ ಮಾಡಿಸಿಕೊಟ್ಟರು. ಒಗ್ಗಟ್ಟಿನ ಮೇಲೆ ಎಷ್ಟೋ ಪ್ರಸಂಗ ಕೇಳಿದ್ದೇನೆ. ನನಗೆ ಮೊದಲು ನೆನಪಾಗುವುದು ಆ ಕೀಲಿಯೇ.

ಇಲ್ಲಿಗೆ ಬರುವ ಮೊದಲು ಬೈಬಲಿನಲ್ಲಿ ಫಿಲಿಪ್ಪಿಯವರಿಗೆ ಬರೆದ ಪತ್ರವನ್ನು ಒಮ್ಮೆ ಓದಿಬಿಡು, ನಾಲ್ಕೇ ಅಧ್ಯಾಯ. ಪೌಲ ಅದನ್ನು ಸೆರೆಯಿಂದ ಬರೆದದ್ದು. ಒಂದೇ ಆತ್ಮದಲ್ಲಿ ನಿಲ್ಲಿ, ಎದುರಾಳಿಗಳಿಗೆ ಹೆದರಬೇಡಿ ಅಂತ ಮೊದಲ ಅಧ್ಯಾಯದಲ್ಲಿ ಹೇಳುತ್ತಾನೆ. ಇದನ್ನು ಎಲ್ಲರೂ ಗೋಡೆಗೆ ಅಂಟಿಸಿಕೊಳ್ಳುತ್ತಾರೆ. ಆದರೆ ನಾಲ್ಕನೆಯ ಅಧ್ಯಾಯದಲ್ಲಿ ಯುವೊದ್ಯ, ಸಂತುಕೆ ಅಂತ ಇಬ್ಬರು ಹೆಂಗಸರ ಹೆಸರು ಹಿಡಿದು, ನೀವಿಬ್ಬರೂ ಒಂದೇ ಮನಸ್ಸಿನವರಾಗಿ ಅಂತ ಬೇಡಿಕೊಳ್ಳುತ್ತಾನೆ. ಸಭೆಯಲ್ಲಿ ಗಟ್ಟಿಯಾಗಿ ಓದುವ ಪತ್ರದಲ್ಲಿ ಹೆಸರು ಬಂದರೆ ಹೇಗಾಗಿರಬೇಡ! ಅವರ ಜಗಳ ಯಾವುದಕ್ಕೆ ಅಂತ ಬರೆದಿಲ್ಲ. ಮೈಕಿಗೇ ಇರಬೇಕು ಅಂತ ನಮ್ಮ ಪಾಸ್ಟರ್ ತಮಾಷೆ ಮಾಡುತ್ತಾರೆ. ಹೊರಗೆ ವಿರೋಧ ಇದ್ದಾಗಲೇ ಒಳಗೆ ಈ ಮುನಿಸೂ ಇತ್ತು ಅನ್ನುವುದು ನನಗೆ ದೊಡ್ಡ ಸಮಾಧಾನ. ಇನ್ನೊಂದು ವಿಷಯ. ಫಿಲಿಪ್ಪಿ ಊರಿನಲ್ಲಿ ಪೌಲನಿಗೂ ಅವನ ಜೊತೆಗಾರ ಸೀಲನಿಗೂ ಏಟು ಬಿದ್ದು ಜೈಲಾದದ್ದು ಶುರುವಿನಲ್ಲಿ ಧರ್ಮಕ್ಕಾಗಿ ಅಲ್ಲ. ಕಣಿ ಹೇಳುವ ಒಬ್ಬ ದಾಸಿ ಹುಡುಗಿ ಗುಣವಾದಳು, ಅವಳ ಯಜಮಾನರ ಸಂಪಾದನೆ ನಿಂತಿತು. ದೂರು ಕೊಡುವಾಗ ಮಾತ್ರ ನಮ್ಮ ಪದ್ಧತಿ ಹಾಳು ಮಾಡುತ್ತಿದ್ದಾರೆ ಅಂದರು. ಹಾಗಾಗಿ ಯಾರಾದರೂ ನಿನ್ನ ವಿಶ್ವಾಸದ ಮೇಲೆ ಏರಿ ಬಂದರೆ, ನಿಜವಾಗಿ ಅವರಿಗೆ ಎಲ್ಲಿ ನೋವಾಗಿದೆ ಅಂತ ಒಮ್ಮೆ ನೋಡು. ಡ್ಯೂಟಿ ಹಂಚಿಕೆ ಇರಬಹುದು, ಪ್ರಮೋಷನ್ ಇರಬಹುದು. ಕೆಲವೊಮ್ಮೆ ನಿಜಕ್ಕೂ ಧರ್ಮವೇ ಇರುತ್ತದೆ. ಆಗ ಸುಮ್ನೆ ವಾದ ಮಾಡಬೇಡ, ಕೆಲಸದಲ್ಲಿ ತಪ್ಪು ಹುಡುಕಲು ಬಿಡಬೇಡ, ಒಬ್ಬಳೇ ಅನುಭವಿಸಲೂ ಬೇಡ. ನಮ್ಮಲ್ಲಿ ಯಾರಿಗಾದರೂ ಹೇಳು.

ನಮ್ಮಲ್ಲಿ ಅಂದರೆ ಯಾರು? ಇದನ್ನೇ ಸ್ವಲ್ಪ ಹೇಳಬೇಕು. ಊರಿನಲ್ಲಿ ನಾವು ಒಬ್ಬರನ್ನೊಬ್ಬರು ಎಷ್ಟು ಬಲ್ಲೆವು ಹೇಳು. ಬೇಳದ ನಿಮ್ಮ ಶೋಕಮಾತೆಯ ಚರ್ಚ್ 1890ರದ್ದು, ಕೇರಳದೊಳಗಿದ್ದರೂ ಇವತ್ತಿಗೂ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದು. ಅದೇ ಜಿಲ್ಲೆಯ ಪೂರ್ವದ ಗುಡ್ಡಗಳಲ್ಲಿ, 1943ರಲ್ಲಿ ಕೋಟ್ಟಯಂ ಕಡೆಯಿಂದ ರಾಜಪುರಕ್ಕೆ ಬಂದು ನೆಲೆಸಿದವರ ಮಕ್ಕಳು ಮೊಮ್ಮಕ್ಕಳಿದ್ದಾರೆ. ಅವರ ಭಾಷೆ ಬೇರೆ, ಪೂಜೆಯ ಕ್ರಮ ಬೇರೆ, ಬಿಷಪ್ ಬೇರೆ. ಬಾಸೆಲ್ ಮಿಷನ್ನಿನ ಮೂಲದ ನಾವು ಸಿಎಸ್‌ಐನವರು ಇನ್ನೊಂದು ಮೂಲೆ. ಒಂದೇ ಜಿಲ್ಲೆಯ ಮೂರು ಕ್ರೈಸ್ತ ಗುಂಪು, ಮದುವೆಗೂ ಸಾವಿಗೂ ಭೇಟಿಯಿಲ್ಲ. ರಾಜಪುರದ ಒಬ್ಬಳನ್ನು ನಾನು ಮೊದಲು ಮಾತಾಡಿಸಿದ್ದು ಕುವೈತಿನ ಹಾಸ್ಟೆಲ್ ಅಡುಗೆಮನೆಯಲ್ಲಿ.

ನಿಲ್ಲುವುದು ನಮ್ಮ ಹಿರಿಯರಿಗೆ ಗೊತ್ತಿತ್ತು. ನಿಮ್ಮವರನ್ನು, ಅಂದರೆ ಕರಾವಳಿಯ ಕ್ಯಾಥೊಲಿಕರನ್ನು, 1784ರಲ್ಲಿ ಟಿಪ್ಪು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. 1799ರಲ್ಲಿ ಅವನು ಬಿದ್ದ ಮೇಲೆ ಉಳಿದವರು ವಾಪಸ್ ಬಂದು, ಕೆಡವಿದ ಚರ್ಚ್‌ಗಳನ್ನು ಮತ್ತೆ ಕಟ್ಟಿದರು. ನಮ್ಮ ಕಡೆ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರಕಾರ ಬಂಧಿಸಿ ಹೊರಗೆ ಕಳಿಸಿತು. ಮಿಷನ್ನಿನ ಹಂಚಿನ ಕಾರ್ಖಾನೆಗಳೂ ಕೈಬಿಟ್ಟವು. ಕ್ರೈಸ್ತರ ಸರಕಾರವೇ ಕ್ರೈಸ್ತರ ಮಿಷನ್ ಮುಚ್ಚಿಸಿದ್ದು! ಸಭೆಗಳನ್ನು ಊರಿನ ಉಪದೇಶಿಗಳೇ ನಡೆಸಿದರು. ಆದರೆ ಒಟ್ಟಿಗೆ ನಿಲ್ಲುವುದು ಅವರಿಗೂ ನಮಗೂ ಕಷ್ಟವೇ. 2008ರ ಸೆಪ್ಟೆಂಬರ್ 14 ನಿನಗೆ ನೆನಪಿರಲಾರದು, ಆಗ ನೀನು ಚಿಕ್ಕವಳು. ಮಂಗಳೂರಿನಲ್ಲಿ ಚರ್ಚ್‌ಗಳ ಮೇಲೆ ದಾಳಿ ನಡೆದಾಗ, ಸಿಟ್ಟು ಮತಾಂತರ ಮಾಡುವ ನ್ಯೂ ಲೈಫ್ ಅನ್ನುವ ಪ್ರಾರ್ಥನಾ ಗುಂಪಿನವರ ಮೇಲೆ ಅಂದರು. ಒಡೆದದ್ದು ಮಿಲಾಗ್ರಿಸ್ ಚರ್ಚ್ ಹತ್ತಿರ ಕ್ಯಾಥೊಲಿಕ್ ಸಿಸ್ಟರ್‌ಗಳ ಆರಾಧನಾ ಮಠವನ್ನೂ. ಕಲ್ಲು ಹೊಡೆಯುವವನು ನಿನ್ನ ದೀಕ್ಷಾಸ್ನಾನದ ಸರ್ಟಿಫಿಕೇಟ್ ಕೇಳುವುದಿಲ್ಲ ತಂಗೀ. ಹಾಗಿದ್ದೂ ‘ಅವರಿಂದಾಗಿ ನಮಗೆ ಏಟು’ ಅಂತ ನಮ್ಮ ಮನೆಗಳಲ್ಲೇ ಎಷ್ಟು ಜನ ಮಾತಾಡಿದರು!

ಅದಕ್ಕೇ ಹೇಳುವುದು, ಇಲ್ಲಿ ನಿನ್ನನ್ನು ಜಾಸ್ತಿ ಅಲ್ಲಾಡಿಸುವುದು ಅರಬರಲ್ಲ, ರೂಮ್‌ಮೇಟ್. ಒಬ್ಬಳು ಬಂದು, ಮಗುವಾಗಿದ್ದಾಗ ಪಡೆದ ದೀಕ್ಷಾಸ್ನಾನ ಸ್ನಾನವೇ ಅಲ್ಲ, ಮತ್ತೆ ಮುಳುಗು ಅನ್ನುತ್ತಾಳೆ. ಇನ್ನೊಬ್ಬಳು ಮಾತೆ ಮರಿಯಮ್ಮನ ಚಿತ್ರ ಕಂಡು ಮುಖ ತಿರುಗಿಸುತ್ತಾಳೆ. ಮತ್ತೊಬ್ಬಳು ಮಲಗುವಾಗ ಜಪ ಹೇಳಿದ್ದಕ್ಕೆ ‘ಓ ಮಠದ ಸಿಸ್ಟರ್ ಬಂದರು’ ಅಂತ ನಗುತ್ತಾಳೆ, ಅವಳೂ ಚರ್ಚಿಗೆ ಹೋಗುವವಳೇ. ಇವರ ಜೊತೆ ಬೈಬಲ್ ವಚನಕ್ಕೆ ವಚನ ಹೊಡೆದಾಡಬೇಡ. ಜ್ವರ ಬಂದ ರಾತ್ರಿ ಗಂಜಿ ಬೇಯಿಸಿ ಕೊಡುವವಳು ಅವಳೇ ಆಗಿರುತ್ತಾಳೆ. ನಿನಗೆ ನಿನ್ನ ಕ್ರಮ ಉಂಟು, ಅದನ್ನು ಬಿಡಬೇಡ. ನಮ್ಮ ಕನ್ನಡ ಪ್ರಾರ್ಥನೆಗೆ ಬಂದರೆ ಸಂತೋಷ, ಆದರೆ ನಿನ್ನ ಪೂಜೆ ತಪ್ಪಿಸಿ ಬರಬೇಡ. ಕ್ಯಾಥೊಲಿಕ್ ಹುಡುಗಿಯನ್ನು ಎಳೆದುಕೊಂಡಳು ಅನ್ನಿಸಿಕೊಳ್ಳುವ ಆಸೆ ನನಗಿಲ್ಲ. ನಮ್ಮಲ್ಲಿ ಕೊನೆಗೆ ಊಟವೂ ಇರುತ್ತದೆ. ಕುಚ್ಚಲಕ್ಕಿ ಅನ್ನ, ಮೀನು ಸಾರು, ಹೆಚ್ಚಾಗಿ ಅದಕ್ಕೇ ಬರುವವರೂ ಇದ್ದಾರೆ, ಬರಲಿ.

ರೋಸ್ಟರ್ ವಿಷಯ ಮರೆತಿದ್ದೆ. ಪ್ರತಿ ಶುಕ್ರವಾರ ಆಫ್ ಸಿಗುವುದಿಲ್ಲ, ಮೊದಲ ವರ್ಷ ಕೇಳಲೂ ಬೇಡ. ಈದ್ ದಿನಗಳಲ್ಲಿ ನೀನು ಡ್ಯೂಟಿ ಮಾಡುತ್ತೇನೆ ಅಂತ ಮೊದಲೇ ಹೇಳಿ ಇಡು. ಕ್ರಿಸ್ಮಸ್‌ಗೂ ಗುಡ್ ಫ್ರೈಡೆಗೂ ಅದೇ ಲೆಕ್ಕ ಉಪಯೋಗಕ್ಕೆ ಬರುತ್ತದೆ, ನಮ್ಮ ವಾರ್ಡಿನಲ್ಲಿ ಹಾಗೇ ನಡೆದುಕೊಂಡು ಬಂದಿದೆ. ಪೋಸ್ಟಿಂಗ್ ಯಾವ ಆಸ್ಪತ್ರೆಗೆ ಅಂತ ಗೊತ್ತಾದ ಕೂಡಲೇ ತಿಳಿಸು. ಅಹ್ಮದಿ ಕಡೆಯಾದರೆ ಚರ್ಚಿಗೆ ಹೋಗುವ ಒಂದು ವ್ಯಾನ್ ಗೊತ್ತು, ಮಂಜೇಶ್ವರದವನೇ ಡ್ರೈವರ್. ಸಿಟಿ ಕಡೆಯಾದರೆ ಮೊದಲ ಶುಕ್ರವಾರ ನಾನೇ ಬಂದು ಹೋಲಿ ಫ್ಯಾಮಿಲಿಯ ಗೇಟಿನವರೆಗೆ ಬಿಡುತ್ತೇನೆ. ಬರುವಾಗ ಒಂದು ಕಿಲೊ ಕುಚ್ಚಲಕ್ಕಿ, ಸ್ವಲ್ಪ ಪುನರ್ಪುಳಿ ತಾ. ಇಲ್ಲಿ ಸಿಗುತ್ತದೆ, ಆದರೆ ನಮ್ಮ ಊರಿನ ರುಚಿ ಇಲ್ಲ.