ಬೆಂಡೆಕಾಯಿಗೆ ಓಣಂ ರಜೆ ಇಲ್ಲ

ಪತ್ರ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಕನ್ನಡ ಶಾಲೆಯೊಂದರ ಅಧ್ಯಾಪಿಕೆ. ನಾಲ್ಕನೇ ತರಗತಿಯ ಮಕ್ಕಳಿಗೆ ಅಲಸಂಡೆ ಬಳ್ಳಿಯ ಗುರುತೇ ಇಲ್ಲ. ಶಾಲೆಯಲ್ಲಿ ತರಕಾರಿ ಬೆಳೆಸಿ, ಅಡುಗೆಯನ್ನೂ ಕಲಿಸಬೇಕೆಂದಿದ್ದೇನೆ. "ನಮ್ಮ ಮಕ್ಕಳನ್ನು ಕಳೆ ಕೀಳಲು ಕಳಿಸುವುದಾ?" ಎಂದು ರಕ್ಷಕರೊಬ್ಬರು ಕೇಳಿದರು. ಎಲ್ಲಿಂದ ಶುರು ಮಾಡಲಿ?

ಉತ್ತರ: ಟೀಚರೇ, ಹಾರೆ ಹಿಡಿಯುವ ಮೊದಲು ಶಾಲೆಯ ಅಡುಗೆಕೋಣೆಗೆ ಹೋಗಿ. ಮಧ್ಯಾಹ್ನದ ಊಟ ಬೇಯಿಸುವ ಅಕ್ಕನ ಹತ್ತಿರ ಕೇಳಿ, ಏನು ಬೆಳೆದರೆ ಅವರಿಗೆ ಉಪಕಾರ ಅಂತ.

ಅದನ್ನು ಕೇಳದೆ ಶುರುವಾದ ತೋಟವೊಂದರಲ್ಲಿ ನಾನೂ ಇದ್ದೆ, ರಕ್ಷಕ ಶಿಕ್ಷಕ ಸಂಘದ ಉತ್ಸಾಹಿ ಸದಸ್ಯನಾಗಿ. ಜೂನ್‌ನಲ್ಲಿ ಬೆಂಡೆ ಬಿತ್ತಿದೆವು. ಐವತ್ತು ದಿನಕ್ಕೆ ಕಾಯಿ ಬಿಡತೊಡಗಿತು. ಜೋರು ಫಸಲು ಬರುವ ಹೊತ್ತಿಗೆ ಓಣಂ ರಜೆ! ರಜೆ ಮುಗಿಸಿ ಬಂದು ನೋಡಿದರೆ ಗೇಣುದ್ದದ ಕಾಯಿಗಳು. ತುದಿ ಮುರಿದು ನೋಡಿದರೆ ಮುರಿಯುವುದೇ ಇಲ್ಲ, ಬರೀ ನಾರು. ಅಡುಗೆಯ ಅಕ್ಕ ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಇದು ಬೀಜಕ್ಕಾಯ್ತು ಸಾರ್" ಎಂದರು. ಮಕ್ಕಳ ಬಟ್ಟಲಿಗೆ ಒಂದು ಹೋಳೂ ಬೀಳಲಿಲ್ಲ.

ಹಾಗಾಗಿ ಕ್ಯಾಲೆಂಡರ್ ಮುಂದಿಟ್ಟುಕೊಂಡೇ ಗಿಡ ಆರಿಸಿ. ನಮ್ಮಲ್ಲಿ ಶಾಲೆಯೂ ಮಳೆಯೂ ಒಟ್ಟಿಗೇ ಶುರು. ಆಗ ಹರಿವೆ ಹಾಕಿದರೆ ಕೊಳೆತು ಹೋಗುತ್ತದೆ. ಅಕ್ಟೋಬರ್ ಕಳೆಯಲಿ, ಆಮೇಲೆ ಬಿತ್ತಿದರೆ ತಿಂಗಳೊಳಗೆ ಕೊಯ್ಯಬಹುದು. ಮಕ್ಕಳ ತಾಳ್ಮೆಗೆ ಅದೇ ಸರಿ. ಬಸಳೆಗೆ ಬೀಜವೂ ಬೇಡ, ದಂಟು ಊರಿದರೆ ಸಾಕು. ಮುರಕಲ್ಲಿನ ಗುಡ್ಡದ ಶಾಲೆಯಾದರೆ ಮಣ್ಣು ಏರಿಸಿ ಮಡಿ ಮಾಡಿ. ಎಪ್ರಿಲ್, ಮೇಯಲ್ಲಿ ನೀರು ಹಾಕುವವರಿಲ್ಲದಿದ್ದರೆ ಏನೂ ಇಟ್ಟುಕೊಳ್ಳಬೇಡಿ.

ಮೊದಲ ಪಾಠಕ್ಕೆ ನಾನಾದರೆ ಕೆಸು ಆರಿಸುತ್ತೇನೆ. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಯಲ್ಲಿ, ತೋಡಿನ ಬದಿಯಲ್ಲಿ ಅದು ಸುಮ್ನೆ ಬೆಳೆದಿರುತ್ತದೆ. ತಿನ್ನುವ ಜಾತಿಯನ್ನು ಗುರುತಿಸಲು ಯಾರದಾದರೂ ಅಜ್ಜಿಯನ್ನು ಕರೆಸಿ. ಎಲೆಯ ಮೇಲೆ ನೀರು ಮುತ್ತಿನ ಹಾಗೆ ಉರುಳುವುದನ್ನು ಮಕ್ಕಳು ನೋಡಲಿ. ಹಸಿ ಎಲೆ ಯಾಕೆ ತುರಿಸುತ್ತದೆ? ಅದರಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಅದಕ್ಕೇ ಹಿರಿಯರು ಹುಣಸೆ ಹುಳಿ ಹಾಕಿ ಚೆನ್ನಾಗಿ ಬೇಯಿಸಿದ್ದು. ನೆನೆಸಿದ ಅಕ್ಕಿ ಅರೆದು, ಎಲೆಗೆ ಹಚ್ಚಿ, ಸುರುಳಿ ಸುತ್ತಿ ಹಬೆಯಲ್ಲಿಟ್ಟರೆ ಪತ್ರೊಡೆ. ವಿಜ್ಞಾನದ ಪಿರಿಯಡ್ಡೂ ಆಯ್ತು, ತಿಂಡಿಯೂ ಆಯ್ತು, ಅಲ್ವಾ?

ಅಮೆರಿಕದ ಬರ್ಕ್ಲಿಯಲ್ಲಿ 1995ರಲ್ಲಿ ಆಲಿಸ್ ವಾಟರ್ಸ್ ಎಂಬ ಹೋಟೆಲಿನ ಬಾಣಸಿಗೆ ಶುರು ಮಾಡಿದ ಶಾಲಾ ತೋಟದಲ್ಲೂ ತೋಟದ ಜೊತೆಗೆ ಅಡುಗೆಮನೆಯೂ ತರಗತಿಯೇ. ನಮ್ಮಲ್ಲಿ ಹೆಚ್ಚಾಗಿ ಪರಿಸರ ದಿನಕ್ಕೆ ಸಸಿ ನೆಟ್ಟು ಫೋಟೋ ತೆಗೆದಲ್ಲಿಗೆ ಮುಗಿಯುತ್ತದೆ.

ಆ ರಕ್ಷಕರ ಮಾತನ್ನು ತಳ್ಳಿಹಾಕಬೇಡಿ. ಬರೀ ಕಳೆ ಕೀಳಿಸಿದರೆ ಅವರು ಹೇಳಿದ್ದೇ ಸರಿ. ಬಿತ್ತಿದ ಮಗುವೇ ಕೊಯ್ಯಬೇಕು, ಹೆಚ್ಚಬೇಕು, ಬಡಿಸಬೇಕು. ಅವರನ್ನೂ ಒಂದು ದಿನ ಊಟಕ್ಕೆ ಕರೆಯಿರಿ.

ವಿಷದ ಬಾಟಲಿ ಮಾತ್ರ ಶಾಲೆಯ ಗೇಟಿನೊಳಗೆ ಬರಕೂಡದು. 2000ದವರೆಗೂ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಜಿಲ್ಲೆ ನಮ್ಮದು. ಅಲಸಂಡೆಗೆ ಹೇನು ಬಂದರೆ ಬೂದಿ ಎರಚಿ, ಹೋಗದಿದ್ದರೆ ಆ ಬಳ್ಳಿಯನ್ನೇ ಕಿತ್ತುಬಿಡಿ.

ಬೀಜಕ್ಕೆ ಪಂಚಾಯತಿನ ಕೃಷಿ ಭವನದಲ್ಲಿ ವಿಚಾರಿಸಿ. ಬೆಂಡೆ ಬೀಜ ಬೇಕಿದ್ದರೆ ನನಗೇ ಬರೆಯಿರಿ. ಆ ರಜೆಯಲ್ಲಿ ಬಲಿತ ಕಾಯಿಯದ್ದೇ ಸಂತತಿ, ಪ್ರತಿ ವರ್ಷ ಅಂಗಳದಲ್ಲಿ ಬಿತ್ತುತ್ತಿದ್ದೇನೆ.

- ಸಂ.